ಮೈ ಉಜ್ಜಿಸಲು ಓಣಿಯ ಹಮ್ಮಾಮ್, ಮಾಲೀಶಿಗೆ ರಿಯಾದ್

ಮೊರಾಕೊದ ಮರಾಕೆಶ್‌ನಲ್ಲಿ ಹಮ್ಮಾಮ್ ಸ್ನಾನ, ಅಂದರೆ ಹಬೆಯ ಕಾವಿನಲ್ಲಿ ನೆನೆದು ಮೈ ಉಜ್ಜಿಸಿಕೊಳ್ಳುವ ಸ್ನಾನ ಮಾಡಬಯಸುವವರಿಗೆ ಮೂರು ಬಗೆಯ ಜಾಗಗಳಿವೆ. ಕೋಟೆಗೋಡೆಯೊಳಗಿನ ಹಳೆಯ ಊರಾದ ಮದೀನಾದ ಓಣಿಗಳಲ್ಲಿ, ಅಲ್ಲಿನ ನಿವಾಸಿಗಳೇ ವಾರಕ್ಕೊಮ್ಮೆ ಬಂದು ಹೋಗುವ ಸಾರ್ವಜನಿಕ ಹಮ್ಮಾಮುಗಳು ಒಂದು ಬಗೆ. ನಡುವೆ ಅಂಗಳವಿರುವ ಹಳೆಯ ಮನೆಗಳನ್ನು ವಸತಿಗೃಹಗಳಾಗಿ ಮಾಡಿರುವ ರಿಯಾದ್‌ಗಳಲ್ಲಿ, ಒಬ್ಬಿಬ್ಬರಿಗಷ್ಟೇ ಸಾಲುವ ಖಾಸಗಿ ಹಮ್ಮಾಮುಗಳು ಇನ್ನೊಂದು ಬಗೆ. ಊರ ಹೊರಗಿನ ದೊಡ್ಡ ಹೋಟೆಲುಗಳ ಸ್ಪಾ ಮೂರನೆಯದು. ಈ ಮೂರರಲ್ಲಿಯೂ ಮೈಯೊಡ್ಡಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಮೈ ಉಜ್ಜುವುದು ಮತ್ತು ಮಾಲೀಶು ಮಾಡುವುದು ಬೇರೆ ಬೇರೆ ಕಸುಬುಗಳು, ಎರಡೂ ಒಂದೇ ಸೂರಿನಡಿ ಚೆನ್ನಾಗಿ ಸಿಗುವುದು ಅಪರೂಪ, ಆದ್ದರಿಂದ ಎರಡನ್ನೂ ಸೇರಿಸಿ ಒಂದೇ ಬೆಲೆಗೆ ಕೊಡುವ ಕಡೆ ಹಣ ಹಾಕುವ ಮುನ್ನ ಯೋಚಿಸಬೇಕು.

ಮೊದಲು ಉಜ್ಜುವ ಕೆಲಸದ ವಿಷಯ ಹೇಳುತ್ತೇನೆ, ಏಕೆಂದರೆ ಹಮ್ಮಾಮಿನ ಜೀವಾಳ ಅದೇ. ಅದಕ್ಕೆ ಬೇಕಾದ ಸಾಮಗ್ರಿ ಕಡಿಮೆ. ಸಾಬುನ್ ಬೆಲ್ದಿ ಎಂಬ ಕಪ್ಪು ಸಾಬೂನನ್ನು ಆಲಿವ್ ಎಣ್ಣೆ ಮತ್ತು ಪೊಟ್ಯಾಶ್ ಕ್ಷಾರದಿಂದ ಮಾಡುತ್ತಾರಾದ್ದರಿಂದ ಅದು ಬಿಲ್ಲೆಯಾಗಿ ಗಟ್ಟಿಯಾಗದೆ ಮೆತ್ತನೆಯ ಮುದ್ದೆಯಾಗಿಯೇ ಉಳಿಯುತ್ತದೆ. ಸಂತೆಯಲ್ಲಿ ಡಬ್ಬಗಳಿಂದ ಬಗೆದು ತೂಕಕ್ಕೆ ಮಾರುತ್ತಾರೆ. ಅದರ ಜೊತೆಗೆ ಬೇಕಾದದ್ದು ಕೆಸ್ಸಾ ಎಂಬ ಒರಟು ನೇಯ್ಗೆಯ ಕೈಗವಸು. ಆದರೆ ಇವೆರಡೂ ಕೆಲಸ ಮಾಡಬೇಕಾದರೆ ಮೈ ಮೊದಲು ಒದ್ದೆ ಕಾವಿನಲ್ಲಿ ಚೆನ್ನಾಗಿ ನೆನೆದಿರಬೇಕು. ಚರ್ಮದ ಮೇಲಿನ ಸತ್ತ ಪದರ ನೀರು ಹೀರಿ ಉಬ್ಬಿ, ಸಾಬೂನಿನ ಕ್ಷಾರಕ್ಕೆ ಇನ್ನಷ್ಟು ಸಡಿಲವಾದಾಗ ಕೆಸ್ಸಾ ಅದನ್ನು ನೋವಿಲ್ಲದೆ ಎಬ್ಬಿಸಿ ತರುತ್ತದೆ. ಹಬೆಯಲ್ಲಿ ಐದು ನಿಮಿಷ ಮಾತ್ರ ಕುಳಿತ ಮೈಯನ್ನು ಅದೇ ಕೈಗವಸಿನಿಂದ ಎಷ್ಟು ಬಲವಾಗಿ ತಿಕ್ಕಿದರೂ ಚರ್ಮ ಕೆಂಪಾಗುತ್ತದೆಯೇ ಹೊರತು ಕೊಳೆ ಬಿಡುವುದಿಲ್ಲ. ಹೀಗಾಗಿ ಮೂರೂ ಜಾಗಗಳನ್ನು ತೂಗಿ ನೋಡುವಾಗ ಕಾವು ಎಷ್ಟಿದೆ, ಅದರಲ್ಲಿ ಎಷ್ಟು ಹೊತ್ತು ಕೂರಲು ಬಿಡುತ್ತಾರೆ ಎಂಬುದನ್ನೇ ನಾನು ಮುಖ್ಯವೆಂದು ಎಣಿಸಿದೆ.

ಈ ಲೆಕ್ಕದಲ್ಲಿ ಓಣಿಯ ಹಮ್ಮಾಮಿಗೆ ಸಾಟಿಯಿಲ್ಲ. ಮೊರಾಕೊದ ಹಳೆಯ ಊರುಗಳಲ್ಲಿ ಪ್ರತಿಯೊಂದು ಕೇರಿಗೂ ಮಸೀದಿ, ಮಕ್ಕಳ ಕುರಾನ್ ಶಾಲೆ, ಕುಡಿಯುವ ನೀರಿನ ಕಟ್ಟೆ, ರೊಟ್ಟಿ ಸುಡುವ ಸಾರ್ವಜನಿಕ ಒಲೆ ಮತ್ತು ಹಮ್ಮಾಮ್ ಇರುವುದು ರೂಢಿ. ಹಮ್ಮಾಮಿನ ಬೆನ್ನಿಗೆ ಒಲೆಯ ಕೋಣೆಯಿರುತ್ತದೆ. ಅಲ್ಲಿ ಬೆಂಕಿ ಕಾಯುವ ಫರ್ನಾಚಿ ಸೌದೆ, ಮರದ ಹೊಟ್ಟು, ಎಣ್ಣೆ ತೆಗೆದ ಆಲಿವ್ ಹಿಂಡಿಯನ್ನು ಉರಿಸಿ ನೀರು ಕಾಯಿಸುತ್ತಾನೆ. ಅದೇ ಬಿಸಿ ಒಳಕೋಣೆಯ ನೆಲದಡಿಯಲ್ಲಿ ಹಾಯ್ದು ಹಾಸುಗಲ್ಲುಗಳನ್ನು ಕಾಯಿಸುತ್ತದೆ. ನೆಲದಡಿ ಬಿಸಿಗಾಳಿ ಹಾಯಿಸುವ ಈ ವಿಧಾನ ರೋಮನ್ನರ ಕಾಲದಷ್ಟು ಹಳೆಯದು. ಮೆಕ್ನೆಸ್ ಸಮೀಪದ ವೊಲುಬಿಲಿಸ್‌ನಲ್ಲಿ ರೋಮನ್ ಸ್ನಾನಗೃಹಗಳ ಅವಶೇಷಗಳು ಇಂದಿಗೂ ಇವೆ. ಮರಾಕೆಶ್‌ನಲ್ಲಂತೂ ಒಲೆಯ ಬೂದಿಯೂ ವ್ಯರ್ಥವಾಗುವುದಿಲ್ಲ: ಮಾಂಸ, ಜೀರಿಗೆ, ಉಪ್ಪಿನಲ್ಲಿ ಹಾಕಿದ ನಿಂಬೆ ತುಂಬಿದ ತಂಜಿಯಾ ಗಡಿಗೆಗಳನ್ನು ಕೇರಿಯವರು ತಂದು ಕೊಡುತ್ತಾರೆ, ಫರ್ನಾಚಿ ಅವನ್ನು ಬೂದಿಯಲ್ಲಿ ಹುಗಿದು ಗಂಟೆಗಟ್ಟಲೆ ಬೇಯಿಸಿ ಕೊಡುತ್ತಾನೆ. ಇಡೀ ದಿನ ಉರಿಯುವ ಇಂಥ ಒಲೆ ಬೆನ್ನಿಗಿರುವಾಗ ಒಳಗಿನ ಕಾವಿಗೆ ಕೊರತೆಯೆಲ್ಲಿ?

ಒಳಗೆ ತಂಪಿನದು, ನಡುವಿನದು, ಬಿಸಿಯದು ಎಂದು ಒಂದರ ಹಿಂದೊಂದು ಮೂರು ಕೋಣೆಗಳಿರುತ್ತವೆ. ಕಮಾನು ಚಾವಣಿಯಲ್ಲಿ ಅಂಗೈ ಅಗಲದ ಗಾಜು ಕೂರಿಸಿದ ಕಿಂಡಿಗಳಿಂದ ಮಾತ್ರ ಬೆಳಕು ಬೀಳುತ್ತದೆ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಭಾಗಗಳಿರುತ್ತವೆ, ಒಂದೇ ಭಾಗವಿದ್ದ ಕಡೆ ಬೇರೆ ಬೇರೆ ಹೊತ್ತು ಇರುತ್ತದೆ. ಬಾಗಿಲಲ್ಲಿ ಕೂರುವ ಗೆಲ್ಲಾಸಾ ಬಟ್ಟೆಬರೆಯ ಚೀಲವನ್ನು ಕಾಯುತ್ತಾಳೆ. ಒಳಗೆ ಒಳಚಡ್ಡಿಯೊಂದನ್ನು ಬಿಟ್ಟು ಬೇರೇನನ್ನೂ ಯಾರೂ ತೊಟ್ಟಿರುವುದಿಲ್ಲ, ಇತರರ ಮೈಯನ್ನು ಯಾರೂ ದಿಟ್ಟಿಸುವುದೂ ಇಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮೀಯುವ ರೂಢಿಯ ನಮ್ಮಂಥವರಿಗೆ ಮೊದಲ ಕಾಲು ಗಂಟೆ ಇದು ಕಷ್ಟವೇ. ಆದರೆ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ತಮ್ಮ ತಮ್ಮ ಬಕೆಟ್ಟುಗಳ ನಡುವೆ ಕುಳಿತು ಮಾತಾಡುತ್ತ, ಅಪರಿಚಿತರ ಬೆನ್ನನ್ನೂ ಕೇಳದೆಯೇ ಉಜ್ಜಿಕೊಡುತ್ತ ಇರುವುದನ್ನು ಕಂಡಾಗ ಸಂಕೋಚ ತಾನಾಗಿ ಕರಗುತ್ತದೆ.

ಮೈಗೆಲ್ಲ ಕಪ್ಪು ಸಾಬೂನು ಬಳಿದುಕೊಂಡು ನಾನು ಬಿಸಿ ಕೋಣೆಯ ಗೋಡೆಗೆ ಒರಗಿ ಕುಳಿತಿದ್ದೆ. ಯಾರೂ ಬಂದು ಎಬ್ಬಿಸಲಿಲ್ಲ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಕಳೆದ ಮೇಲೆ ಉಜ್ಜುವ ಹೆಂಗಸು, ಅಲ್ಲಿಯವರು ತಯ್ಯಾಬಾ ಎನ್ನುವವಳು, ಬಂದು ನನ್ನ ತೋಳನ್ನು ಬೆರಳಿನಿಂದ ಒಮ್ಮೆ ಒತ್ತಿ ಎಳೆದು ನೋಡಿದಳು, ತಲೆಯಾಡಿಸಿ ಹೋದಳು. ಮೈ ಇನ್ನೂ ಹದಕ್ಕೆ ಬಂದಿರಲಿಲ್ಲ. ಎರಡನೆಯ ಸಲ ಬಂದಾಗ ಸಾಬೂನು ತೊಳೆದು, ಚಾಪೆಯ ಮೇಲೆ ಮಲಗಿಸಿ, ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟಿನಿಂದ ಭುಜದವರೆಗೆ ಉದ್ದಕ್ಕೆ, ಒಂದೇ ಒತ್ತಡದಲ್ಲಿ ಕೆಸ್ಸಾ ಎಳೆಯತೊಡಗಿದಳು. ನಾಲ್ಕೈದು ಎಳೆತಕ್ಕೆ ಬೂದು ಬಣ್ಣದ ಸಣ್ಣ ಸುರುಳಿಗಳು ತೋಳಿನ ತುಂಬ ಎದ್ದವು. ಅವನ್ನು ನನಗೆ ತೋರಿಸಿದ ಮೇಲೆಯೇ ನೀರು ಸುರಿದದ್ದು. “ತಿರುಗು ಮಗಳೇ” ಎಂಬುದನ್ನು ಮಾತಿಗಿಂತ ಮೊದಲು ಅವಳ ಕೈಯೇ ಹೇಳುತ್ತಿತ್ತು: ಸೊಂಟಕ್ಕೊಂದು ಮೆಲ್ಲನೆಯ ತಟ್ಟು, ಮೈ ಮಗ್ಗುಲು ಬದಲಾಯಿಸಬೇಕು. ಬೆರಳ ಸಂದು, ಕಿವಿಯ ಹಿಂಭಾಗ, ಕುತ್ತಿಗೆಯ ಮಡಿಕೆ ಯಾವುದನ್ನೂ ಬಿಡಲಿಲ್ಲ. ಕೊನೆಗೆ ತಲೆಗೆ ಗಸ್ಸೂಲ್ ಹಚ್ಚಿದಳು. ಮೂಲೂಯಾ ಕಣಿವೆಯಲ್ಲಿ ಅಗೆದು ತೆಗೆಯುವ ಜೇಡಿಮಣ್ಣು ಅದು. ನೀರಿನಲ್ಲಿ ನೆನೆಸಿದರೆ ನುಣುಪಾದ ಕೆಸರಾಗಿ ಕೂದಲಿನ ಜಿಡ್ಡನ್ನು ಎಳೆದುಕೊಳ್ಳುತ್ತದೆ.

ನಮ್ಮ ಹಬ್ಬದ ಎಣ್ಣೆಸ್ನಾನದಲ್ಲಿ ಮೊದಲು ಎಣ್ಣೆ ಹಚ್ಚಿ ನೆನೆದು, ಆಮೇಲೆ ಸೀಗೆಪುಡಿಯಿಂದ ಜಿಡ್ಡು ತೆಗೆದು ಹಂಡೆಯ ಬಿಸಿನೀರು ಹುಯ್ದುಕೊಳ್ಳುತ್ತೇವೆ. ಇಲ್ಲಿಯ ಕ್ರಮ ಅದರ ತಿರುವು: ಮೊದಲು ಬಿಸಿ, ಆಮೇಲೆ ಸಾಬೂನು ಮತ್ತು ಉಜ್ಜುವಿಕೆ, ಎಲ್ಲ ಮುಗಿದ ಮೇಲೆ ಬೇಕಿದ್ದವರಿಗೆ ಎಣ್ಣೆ. ಮಾಲೀಶಿನ ವಿಷಯದಲ್ಲಿ ಓಣಿಯ ಹಮ್ಮಾಮ್ ಸೋಲುವುದು ಈ ಕೊನೆಯ ಹಂತದಲ್ಲಿಯೇ. ನಾನು ಮಾಲೀಶು ಕೇಳಿದಾಗ ತಯ್ಯಾಬಾ ಇನ್ನೊಮ್ಮೆ ಸಾಬೂನು ಹಚ್ಚಿ ಬೆನ್ನು, ಮೀನಖಂಡಗಳನ್ನು ಹತ್ತು ನಿಮಿಷ ಅದುಮಿದಳು. ಹಿತವಾಗಿಯೇ ಇತ್ತು, ಆದರೆ ನೋವಿರುವ ಸ್ನಾಯುವನ್ನು ಹುಡುಕಿ ಹೋಗುವ ಕೈಯಲ್ಲ ಅದು. ಕೆಳಗೆ ಕಲ್ಲುಹಾಸು, ಪಕ್ಕದಲ್ಲಿ ಇನ್ನೊಬ್ಬರು ಬಳಸಿದ ನೀರು ಹರಿಯುತ್ತಿರುವಾಗ ಸ್ನಾಯುಗಳು ಪೂರ್ತಿ ಸಡಿಲವಾಗುವುದೂ ಇಲ್ಲ. ಗಂಡಸರ ಭಾಗದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿನ ಉಜ್ಜುವವರು ಕೈಕಾಲುಗಳನ್ನು ಹೆಣೆದು, ಬೆನ್ನಿಗೆ ಮೊಣಕಾಲು ಕೊಟ್ಟು ಎಳೆಯುತ್ತಾರೆ. ಕೀಲುಗಳು ಲಟಲಟ ಎನ್ನುವವರೆಗೆ ಬಿಡುವುದಿಲ್ಲ. ನನ್ನ ಯಜಮಾನರು ಅದನ್ನು ತುಂಬ ಮೆಚ್ಚಿಕೊಂಡರು. ಬೆನ್ನುಹುರಿಯ ಅಥವಾ ಭುಜದ ತೊಂದರೆ ಇರುವವರು ಮಾತ್ರ ಇದಕ್ಕೆ ಮೊದಲೇ ಕೈಸನ್ನೆಯಿಂದಾದರೂ ಬೇಡವೆನ್ನಬೇಕು.

ಇನ್ನು ರಿಯಾದ್. ಇಲ್ಲಿಯ ಹಮ್ಮಾಮ್ ಕೋಣೆ ನೋಡುವುದಕ್ಕೆ ನಿಜಕ್ಕೂ ಚೆಂದ. ಗೋಡೆಗೆ ತಾದ್‌ಲಾಕ್ತ್ ಗಾರೆ. ಮರಾಕೆಶ್ ಸೀಮೆಯ ಸುಣ್ಣವನ್ನು ಬಳಿದು, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟು, ಮೇಲೆ ಕಪ್ಪು ಸಾಬೂನು ಸವರಿದರೆ ಅದು ನೀರನ್ನು ತಡೆಯುತ್ತದೆ. ಮೈಗೆ ಬಳಿಯುವ ಸಾಬೂನೇ ಗೋಡೆಯನ್ನೂ ಕಾಯುವುದು ನನಗೆ ಬಹಳ ಇಷ್ಟವಾದ ಸಂಗತಿ. ಆದರೆ ಕೋಣೆಯ ಕಾವು ಬರುವುದು ವಿದ್ಯುತ್ತಿನ ಹಬೆಯಂತ್ರದಿಂದ. ಅತಿಥಿಯ ಹೊತ್ತಿಗೆ ಸರಿಯಾಗಿ ಅದನ್ನು ಚಾಲೂ ಮಾಡುವುದರಿಂದ ಗಾಳಿ ಬೇಗ ಬಿಸಿಯಾಗುತ್ತದೆ, ನೆಲ ಮತ್ತು ಗೋಡೆ ಬಿಸಿಯಾಗುವುದಿಲ್ಲ. ಕುಳಿತರೆ ಮೂಗಿಗೆ ಹಬೆ, ಬೆನ್ನಿಗೆ ತಣ್ಣನೆಯ ಕಲ್ಲು. ಮುಕ್ಕಾಲು ಗಂಟೆಯೊಳಗೆ ನೆನೆಯುವುದು, ಸಾಬೂನು, ಉಜ್ಜುವುದು, ಗಸ್ಸೂಲ್ ಎಲ್ಲ ಮುಗಿಯಬೇಕು, ಏಕೆಂದರೆ ಮುಂದಿನವರು ಹೊರಗೆ ಕಾಯುತ್ತಿರುತ್ತಾರೆ. ಉಜ್ಜಿದ ಹೆಣ್ಣುಮಗಳು ಕೆಲಸ ಬಲ್ಲವಳೇ, ಮೃದುವಾಗಿಯೂ ಗೌರವದಿಂದಲೂ ನಡೆದುಕೊಂಡಳು. ಆದರೂ ಓಣಿಯಲ್ಲಿ ಮೈತುಂಬ ಎದ್ದ ಸುರುಳಿಗಳಲ್ಲಿ ಕಾಲು ಭಾಗವೂ ಇಲ್ಲಿ ಏಳಲಿಲ್ಲ. ಸಮಯ ಸಾಲದೆ ಹೋದಾಗ ಒಳ್ಳೆಯ ಕೈಯಾದರೂ ಏನು ಮಾಡೀತು?

ಮಾಲೀಶಿಗೆ ಬಂದಾಗ ರಿಯಾದ್ ತನ್ನ ಸ್ಥಾನವನ್ನು ಪೂರ್ತಿಯಾಗಿ ಗಳಿಸಿಕೊಳ್ಳುತ್ತದೆ. ಒಣಗಿದ ಮೈಯನ್ನು ಬೇರೆ ಕೋಣೆಯ ಹಾಸಿಗೆಯ ಮೇಲೆ ಮಲಗಿಸಿ, ಬೆಚ್ಚಗೆ ಮಾಡಿದ ಅರ್ಗಾನ್ ಎಣ್ಣೆಯಿಂದ ಒಂದು ಗಂಟೆ ನಿಧಾನವಾಗಿ ತಿಕ್ಕಿದರು. ಅರ್ಗಾನ್ ಮರ ಬೆಳೆಯುವುದು ಮುಖ್ಯವಾಗಿ ಮೊರಾಕೊದ ನೈಋತ್ಯ ಸೀಮೆಯಲ್ಲಿ, ಎಸ್ಸವೀರಾ ಮತ್ತು ಅಗಾದೀರ್ ಸುತ್ತಮುತ್ತ. ಅದರ ಗಟ್ಟಿ ಬೀಜವನ್ನು ಹೆಂಗಸರು ಕಲ್ಲಿನಿಂದ ಕುಟ್ಟಿ ಒಡೆದು ಎಣ್ಣೆ ತೆಗೆಯುವ ಜಾಣ್ಮೆಯನ್ನು ಯುನೆಸ್ಕೊ 2014ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹುರಿದ ಬೀಜದ ಎಣ್ಣೆ ಊಟಕ್ಕೆ, ಹುರಿಯದ್ದು ಮೈಗೆ. ಈ ಎಣ್ಣೆ ಹಗುರವಾಗಿ ಹರಡುತ್ತದೆ, ಅಂಟು ಉಳಿಸುವುದಿಲ್ಲ. ಮಾಲೀಶು ಮಾಡಿದಾಕೆ ನಡೆದು ನಡೆದು ಬಿಗಿದಿದ್ದ ನನ್ನ ಮೀನಖಂಡವನ್ನು ತಾನೇ ಗುರುತಿಸಿ ಅಲ್ಲಿಗೇ ಮತ್ತೆ ಮತ್ತೆ ಮರಳಿದಳು. ಅಷ್ಟು ಗಮನ ಓಣಿಯ ಹಮ್ಮಾಮಿನ ಗದ್ದಲದಲ್ಲಿ ಸಾಧ್ಯವಿಲ್ಲ.

ಹೋಟೆಲಿನ ಸ್ಪಾ ಕುರಿತು ಹೆಚ್ಚು ಹೇಳುವುದಿಲ್ಲ. ಕಾವು ರಿಯಾದ್‌ಗಿಂತ ಚೆನ್ನಾಗಿತ್ತು, ಅಮೃತಶಿಲೆಯ ಜಗಲಿ ನಿಜವಾಗಿಯೂ ಬಿಸಿಯಾಗಿತ್ತು. ಆದರೆ ಸಾಬೂನಿಗೆ ಯೂಕಲಿಪ್ಟಸ್, ಮಣ್ಣಿಗೆ ಗುಲಾಬಿ, ಎಣ್ಣೆಗೆ ಕಿತ್ತಳೆ ಹೂವು ಎಂದು ಪರಿಮಳಗಳ ಮೇಲೆ ಪರಿಮಳ ಹೇರಿ, ಉಜ್ಜುವುದನ್ನು ಮಾತ್ರ ಶಾಸ್ತ್ರಕ್ಕೆ ಮುಗಿಸಿದರು. ಕೆಸ್ಸಾ ಕೂಡ ಮೆದು. ವಿದೇಶಿ ಅತಿಥಿಗೆ ನೋವಾದೀತೆಂಬ ಹೆದರಿಕೆಯೇ ಅಲ್ಲಿ ಪ್ರತಿ ಹೆಜ್ಜೆಯನ್ನೂ ನಿರ್ಧರಿಸುತ್ತದೆ. ವಯಸ್ಸಾದವರಿಗೆ, ಜಾರುವ ನೆಲದ ಮೇಲೆ ನಡೆಯಲು ಆಸರೆ ಬೇಕಾದವರಿಗೆ ಆ ಜಾಗ ಸುರಕ್ಷಿತ ಎಂಬುದನ್ನು ಒಪ್ಪುತ್ತೇನೆ.

ಖರ್ಚಿನ ಅಂತರ ದೊಡ್ಡದು. ಓಣಿಯಲ್ಲಿ ನಾನು ಕೊಟ್ಟದ್ದು ಪ್ರವೇಶಕ್ಕೆ 15 ದಿರ್ಹಮ್, ಉಜ್ಜಿದವಳಿಗೆ 60, ಅದರ ಮೇಲೆ ನನ್ನ ಸಂತೋಷಕ್ಕೆ ಒಂದಿಷ್ಟು. ರಿಯಾದ್‌ನಲ್ಲಿ ಸ್ನಾನ, ಮಾಲೀಶು ಸೇರಿ 500. ಹೋಟೆಲಿನಲ್ಲಿ ಅದರ ದುಪ್ಪಟ್ಟಿಗೂ ಮೇಲೆ. ಒಂದು ದಿರ್ಹಮ್ ಎಂದರೆ ಸುಮಾರು ಒಂಬತ್ತು-ಹತ್ತು ರೂಪಾಯಿ. ತಯ್ಯಾಬಾಗೆ ಕೊಡುವ ಹಣದಲ್ಲಿ ಚೌಕಾಶಿ ಮಾಡುವುದು ಸರಿಯಲ್ಲವೆಂದು ನಾನು ಬಲವಾಗಿ ನಂಬುತ್ತೇನೆ. ಬರದ ಕಾರಣದಿಂದ ನೀರು ಉಳಿಸಲು 2024ರ ಆರಂಭದಲ್ಲಿ ಮೊರಾಕೊದ ಹಲವು ನಗರಗಳಲ್ಲಿ ಹಮ್ಮಾಮುಗಳನ್ನು ವಾರಕ್ಕೆ ಮೂರು ದಿನ ಮುಚ್ಚಿಸಿದಾಗ ಮೊದಲು ಕೂಲಿ ಕಳೆದುಕೊಂಡವರು ದಿನದ ದುಡಿಮೆಯನ್ನೇ ನೆಚ್ಚಿದ ಇಂಥವರು. ಆದ್ದರಿಂದ ಹೊರಡುವ ಮುನ್ನ ಯಾವ ದಿನ ತೆರೆದಿರುತ್ತದೆಂದು ವಿಚಾರಿಸಿ. ಕೆಲವು ಹಮ್ಮಾಮುಗಳು, ಅದರಲ್ಲೂ ಮಸೀದಿಗೆ ಹೊಂದಿಕೊಂಡವು, ಮುಸ್ಲಿಮರಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅದನ್ನೂ ಕೇಳಿಕೊಳ್ಳಿ. ಒಳಗೆ ಹೋದ ಮೇಲೆ ನೀರು ತುಂಬಿದ ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಬಳಸಬೇಕು, ನಲ್ಲಿ ಬಿಟ್ಟುಕೊಂಡು ಕೂರಬಾರದು.

ಓಣಿಗೆ ಹೋಗುವವರು ಸಾಬೂನು, ಕೆಸ್ಸಾ, ಚಾಪೆ, ಜಾರದ ಚಪ್ಪಲಿ, ಟವೆಲ್, ಬದಲಿ ಒಳಉಡುಪು ಮತ್ತು ಕುಡಿಯುವ ನೀರನ್ನು ತಾವೇ ಒಯ್ಯಬೇಕು. ತಾಳಿ ಸರ, ಬಳೆ, ಉಂಗುರಗಳನ್ನು ವಸತಿಯಲ್ಲೇ ಬಿಟ್ಟು ಹೋಗುವುದು ಉತ್ತಮ. ಕೆಸ್ಸಾದ ನೇಯ್ಗೆಗೆ ಸಿಕ್ಕಿ ಸರ ಎಳೆಯುತ್ತದೆ, ಬಿಸಿ ಲೋಹ ಚರ್ಮವನ್ನು ಚುರುಗುಟ್ಟಿಸುತ್ತದೆ. ಅಂದೇ ಕೂದಲು ತೆಗೆಸಿಕೊಂಡವರು, ಬಿಸಿಲಿಗೆ ಮೈ ಸುಟ್ಟವರು ಉಜ್ಜಿಸಿಕೊಳ್ಳಬಾರದು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮತ್ತು ಬಸುರಿಯರು ಬಿಸಿ ಕೋಣೆಯಿಂದ ದೂರವಿರಬೇಕು. ಎರಡೂ ಬೇಕೆನ್ನುವವರಿಗೆ ನಾನು ಹೇಳುವ ಕ್ರಮ ಹೀಗಿದೆ: ಮೊದಲು ಓಣಿಯ ಹಮ್ಮಾಮಿನಲ್ಲಿ ಬೆಳಗ್ಗೆ ಜನ ಕಡಿಮೆಯಿರುವ ಹೊತ್ತಿಗೆ ಹೋಗಿ ಎರಡು ಗಂಟೆ ಬಿಡುವಾಗಿ ಕಳೆಯಿರಿ, ಮಾಲೀಶನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಹೊಸದಾಗಿ ಉಜ್ಜಿದ ಚರ್ಮಕ್ಕೆ ಸುಗಂಧ ಬೆರೆಸಿದ ಎಣ್ಣೆ ಉರಿ ತರಬಹುದು. ಒಂದು ರಾತ್ರಿ ಕಳೆದರೆ ಆ ಉರಿಯ ಭಯವಿರುವುದಿಲ್ಲ, ರಿಯಾದ್‌ನವರಿಗೂ ಹಮ್ಮಾಮ್ ಬೇಡ, ಮಾಲೀಶು ಮಾತ್ರ ಸಾಕೆಂದು ಹೇಳಿ ಆ ಮುಕ್ಕಾಲು ಗಂಟೆಯ ಹಣ ಉಳಿಸಬಹುದು.