‘ಪ್ಯೂರ್ ಅಂಗೋರಾ’ ನೂಲಿಗೆ ದುಡ್ಡು ಸುರಿಯುವ ಮುನ್ನ: ಕುಲ್ಲು–ಮನಾಲಿಗೆ ಹೊರಟ ಹೆಣಿಗೆ ಪ್ರಿಯರಿಗೆ ಎಚ್ಚರಿಕೆ

ಕುಲ್ಲುವಿನಿಂದ ಮನಾಲಿಗೆ ಹೋಗುವ ರಸ್ತೆಯ ಒಂದು ಅಂಗಡಿಯಲ್ಲಿ ‘ಪ್ಯೂರ್ ಅಂಗೋರಾ’, ಅಂದರೆ ಅಪ್ಪಟ ಅಂಗೋರಾ ಮೊಲದ ರೋಮ, ಎಂದು ಕೊಂಡ ಆರು ಲಡಿ ನೂಲು ಬೆಂಗಳೂರಿಗೆ ಬಂದ ಮೇಲೆ ಕಂಡದ್ದಿಷ್ಟು. ಲಡಿಗೆ 450 ರೂಪಾಯಿ, ತಲಾ 100 ಗ್ರಾಂ ಎಂಬ ಬಾಯಿಮಾತು, ಬಿಲ್ಲಿನಲ್ಲಿ ‘ವುಲನ್ ಐಟಂ’ ಅಂತ ಒಂದೇ ಸಾಲು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಆರೂ ಸೇರಿ 522 ಗ್ರಾಂ ತೂಗಿದವು. ಹಗಲು ಬೆಳಕಿಗೆ ಹಿಡಿದರೆ ಮೂರು ಲಡಿ ಒಂದು ಬಣ್ಣ, ಉಳಿದ ಮೂರು ಅದಕ್ಕಿಂತ ತುಸು ಗಾಢ. ಬ್ಲೀಚಿನಲ್ಲಿ ನೆನೆಸಿದಾಗ ಮೂರೆಳೆಯ ದಾರದಲ್ಲಿ ಒಂದೆಳೆ ಕರಗಿತು, ಎರಡು ಕದಲಲಿಲ್ಲ. ಆ ಎರಡೂ ಉಣ್ಣೆಯಲ್ಲ, ಬಹುಮಟ್ಟಿಗೆ ಅಕ್ರಿಲಿಕ್ ಎಂಬ ಕೃತಕ ನಾರು.

ಅಕ್ರಿಲಿಕ್ ಕೆಟ್ಟ ನೂಲೇನಲ್ಲ. ಮಗುವಿನ ಹೊದಿಕೆಗೆ, ಗೊಂಬೆಗೆ, ವಾಷಿಂಗ್ ಮಷಿನ್‌ಗೆ ಹಾಕುವಂಥದ್ದಕ್ಕೆ ಅದೇ ಸರಿ. ಆದರೆ ಅದು ಲೂಧಿಯಾನದಿಂದ ನಮ್ಮೂರ ಅಂಗಡಿಗೇ ಬರುತ್ತದೆ, ಅದೂ ಈ ಬೆಲೆಯ ಸಣ್ಣ ಪಾಲಿಗೆ. ಅದಕ್ಕಾಗಿ ಹಿಮಾಲಯ ಹತ್ತಬೇಕಿಲ್ಲ.

ಮೋಸ ನಡೆಯುವುದು ಹೇಗೆ? ಕುಲ್ಲು ಕಣಿವೆಯಲ್ಲಿ ಅಂಗೋರಾ ಮೊಲ ಸಾಕುವುದು ನಿಜ. ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರ ಅಲ್ಲಿನ ಗರ್ಸಾದಲ್ಲೇ ಇದೆ. ಹಿಡಿಂಬೆ ದೇವಸ್ಥಾನದ ಬಳಿ ಬಿಳಿ ಮೊಲವನ್ನು ತೋಳಿಗೆ ಕೊಟ್ಟು ಫೋಟೊ ತೆಗೆಸುತ್ತಾರೆ. ಆ ಮೆತ್ತನೆಯ ರೋಮ ಮುಟ್ಟಿದ ಕೈಯೇ ಮುಂದಿನ ಅಂಗಡಿಯಲ್ಲಿ ಬ್ರಷ್ ಹೊಡೆದು ನವಿರೆಬ್ಬಿಸಿದ ಅಕ್ರಿಲಿಕ್ ಮುಟ್ಟುತ್ತದೆ, ಎರಡೂ ಒಂದೇ ಅನ್ನಿಸುತ್ತದೆ. ಡ್ರೈವರ್ ತಾನಾಗಿಯೇ ಕರೆದೊಯ್ಯುವ ‘ಫ್ಯಾಕ್ಟರಿ’ಗಳಲ್ಲಂತೂ ಅವನ ಕಮಿಷನ್ನೂ ಲಡಿಯ ಬೆಲೆಯಲ್ಲೇ ಸೇರಿರುತ್ತದೆ. ಇನ್ನೊಂದು ಮಾತು: ಮೊಲದ ರೋಮ ನುಣುಪು, ಅದಕ್ಕೆ ಎಳೆತವಿಲ್ಲ. ಬರೀ ಅದರಲ್ಲೇ ಹೆಣೆದ ಸ್ವೆಟರ್ ಜೋತುಬೀಳುತ್ತದೆ, ರೋಮ ಉದುರುತ್ತಲೇ ಇರುತ್ತದೆ. ಆದ್ದರಿಂದ ಅಂಗೋರಾವನ್ನು ಸಾಮಾನ್ಯವಾಗಿ ಕುರಿ ಉಣ್ಣೆಯ ಜೊತೆ ಬೆರೆಸಿಯೇ ನೂಲುತ್ತಾರೆ. ಶೇ. 20 ಅಂಗೋರಾ, ಶೇ. 80 ಉಣ್ಣೆ ಎಂದು ಬರೆದ ಚೀಟಿಯನ್ನು ನಂಬಬಹುದು. ‘ನೂರಕ್ಕೆ ನೂರು’ ಅಂದವರನ್ನು ಎರಡನೇ ಸಲ ಕೇಳಿ.

ಆಮೇಲೆ ಬೆಂಕಿಕಡ್ಡಿಯ ಪ್ರದರ್ಶನ. ಅಂಗಡಿಯವನು ದಾರದ ತುಂಡೊಂದನ್ನು ಸುಡುತ್ತಾನೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಎಲ್ಲರೂ ತಲೆಯಾಡಿಸುತ್ತಾರೆ. ಪರೀಕ್ಷೆ ಸುಳ್ಳಲ್ಲ, ಆದರೆ ಸುಟ್ಟ ತುಂಡು ಅವನ ಜೇಬಿನದು. ನಿಮ್ಮ ಲಡಿಯದೇ ಆಗಿದ್ದರೂ ಮೂರರಲ್ಲಿ ಒಂದೆಳೆ ಉಣ್ಣೆಯಾಗಿದ್ದರೆ ಸಾಕು, ಆ ವಾಸನೆ ಬಂದೇ ಬರುತ್ತದೆ. ಮಾಡಬೇಕಾದ ಕ್ರಮ ಹೀಗೆ: ನೀವು ಕೊಳ್ಳಲಿರುವ ಲಡಿಯ ಒಳಗಿನಿಂದ ಗೇಣುದ್ದ ದಾರ ಕತ್ತರಿಸಿ, ಹುರಿಗೆ ವಿರುದ್ಧ ತಿರುಗಿಸಿ ಎಳೆಗಳನ್ನು ಬಿಡಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಇಕ್ಕಳದಲ್ಲಿ ಹಿಡಿದು ಸುಡಿ. ಉಣ್ಣೆ ಬೆಂಕಿಯಿಂದ ತೆಗೆದ ಕೂಡಲೇ ಆರುತ್ತದೆ, ತುದಿಯ ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಭಗ್ಗನೆ ಉರಿದು ಕರಗಿ ತೊಟ್ಟಿಕ್ಕುತ್ತದೆ, ಮೂಗಿಗೆ ಖಾರವಾದ ಹೊಗೆ ಬಿಡುತ್ತದೆ, ಆರಿದ ಮೇಲೆ ಗಟ್ಟಿ ಕಪ್ಪು ಮಣಿ ಉಳಿಯುತ್ತದೆ. ಹತ್ತಿ ಕಾಗದದ ವಾಸನೆ ಕೊಟ್ಟು ಬೂದಿಯಾಗುತ್ತದೆ. ಎರಡೂ ಬಗೆಯ ನಾರನ್ನು ನೂಲುವಾಗಲೇ ಒಂದೇ ಎಳೆಯೊಳಗೆ ಬೆರೆಸಿದ್ದರೆ ಮಾತ್ರ ಸುಟ್ಟು ತಿಳಿಯುವುದು ಕಷ್ಟ.

ಅದಕ್ಕೆ ಬ್ಲೀಚ್ ಇದೆ. ಬಟ್ಟೆಯ ಕಲೆಗೆ ಹಾಕುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವೇ ಆಗಬೇಕು, ಪೆರಾಕ್ಸೈಡ್ ಬಗೆಯದು ಕೆಲಸ ಮಾಡುವುದಿಲ್ಲ. ಗಾಜಿನ ಲೋಟದಲ್ಲಿ ಎರಡು ಚಮಚ ಹಾಕಿ, 15 ಸೆಂ.ಮೀ. ದಾರ ಮುಳುಗಿಸಿ. ಉಣ್ಣೆಯಿದ್ದರೆ ಸಣ್ಣ ಗುಳ್ಳೆ ಏಳುತ್ತವೆ, ದಾರ ಲೋಳೆಯಾಗುತ್ತದೆ, ಒಂದೆರಡು ಗಂಟೆಯಲ್ಲಿ ಕರಗಿಹೋಗುತ್ತದೆ. ಅಕ್ರಿಲಿಕ್, ನೈಲಾನ್, ಹತ್ತಿ ಹಾಗೇ ಉಳಿಯುತ್ತವೆ. ಕಿಟಕಿ ತೆರೆದಿರಲಿ, ಕೈಗವಸು ಇರಲಿ, ವಿನಿಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರವೂ ಬರಬಾರದು. ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ರೇಷ್ಮೆಯೂ ಇದರಲ್ಲಿ ಕರಗುತ್ತದೆ. ಪ್ರಾಣಿಯ ನಾರು ಎಷ್ಟಿದೆ ಎಂದಷ್ಟೇ ಬ್ಲೀಚ್ ಹೇಳುತ್ತದೆ, ಯಾವ ಪ್ರಾಣಿ ಎಂದು ಹೇಳುವುದಿಲ್ಲ. ನಮ್ಮ ಚಳ್ಳಕೆರೆ ಕಡೆಯ ಕಂಬಳಿಯ ಉಣ್ಣೆ ಈ ಎರಡೂ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಆದರೆ ನಾರಿನ ದಪ್ಪ ಸುಮಾರು 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಾಟಿದರೆ ಮೈಗೆ ಚುಚ್ಚುತ್ತದೆ, ಅದರ ಸ್ವೆಟರ್ ತೊಟ್ಟವರಿಗೆ ನವೆ ತಪ್ಪದು.

ಹೀಗಿರುವಾಗ ‘ಪಶ್ಮಿನಾ ನೂಲು’ ಎಂಬ ದಪ್ಪ ಉಂಡೆಯನ್ನು ಮುಟ್ಟಲೇಬೇಡಿ. ಪಶ್ಮಿನಾ ಲಡಾಖಿನ ಚಾಂಗ್‌ಥಾಂಗ್ ಪ್ರದೇಶದ ಮೇಕೆಯ ಒಳರೋಮ, 12ರಿಂದ 16 ಮೈಕ್ರಾನ್. ಒಂದು ಮೇಕೆಯಿಂದ ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ. ಒರಟು ಕೂದಲು ಬೇರ್ಪಡಿಸಿದರೆ ಅದರಲ್ಲೂ ಅರ್ಧ ಉಳಿಯುವುದಿಲ್ಲ. ಕಾಶ್ಮೀರದ ಹೆಂಗಸರು ಚರಕದಲ್ಲಿ ನೂಲುವುದು ಶಾಲು ನೇಯಲು ಬೇಕಾದ ಕೂದಲೆಳೆಯಂಥ ನೂಲನ್ನು. 200 ರೂಪಾಯಿಗೆ 4 ಮಿ.ಮೀ. ಕಡ್ಡಿಗೆ ಹೊಂದುವ ಪಶ್ಮಿನಾ ಬರುವ ದಾರಿಯೇ ಇಲ್ಲ. ಉಂಗುರದೊಳಗೆ ಶಾಲು ತೂರಿಸಿ ತೋರಿಸುವುದೂ ಬರೀ ಆಟ, ತೆಳುವಾದ ವಿಸ್ಕೋಸ್ (ಕೃತಕ ರೇಷ್ಮೆ) ಶಾಲೂ ತೂರುತ್ತದೆ. ಗುಲಾಬಿ, ಪಾರಿವಾಳ ನೀಲಿ ಬಣ್ಣದ ‘ಯಾಕ್ ಉಣ್ಣೆ’ಯನ್ನೂ ಹೀಗೇ ನೋಡಿ: ಯಾಕ್ ರೋಮ ಹೆಚ್ಚಾಗಿ ಕಂದು ಅಥವಾ ಕಪ್ಪು. ಮೊದಲು ಬಿಳಿಚಿಸದೆ ಅದು ತಿಳಿ ಬಣ್ಣ ಹಿಡಿಯುವುದಿಲ್ಲ. ಗೋಡೆಗೆ ತೂಗುಹಾಕಿದ ಭೌಗೋಳಿಕ ಸೂಚಕದ ಬೋರ್ಡ್ ಕುಲ್ಲು ಶಾಲಿಗೆ ಸಂಬಂಧಿಸಿದ್ದು, ಪಕ್ಕದ ಬುಟ್ಟಿಯ ನೂಲಿಗಲ್ಲ.

ತೂಕದ ಲೆಕ್ಕ ಬೇರೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಹೀರಿದರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ಬಿಡಿಯಾಗಿ ತೂಗಿಸಿ ಕೊಂಡರೆ ನೀರಿಗೂ ದುಡ್ಡು ಕೊಟ್ಟಂತೆ. ಆದ್ದರಿಂದ ಗ್ರಾಂ ಜೊತೆಗೆ ಮೀಟರ್ ಕೇಳಿ. ಲಡಿಯನ್ನು ಬಿಡಿಸಿ ಸುತ್ತಳತೆ ಹಿಡಿದು ನೋಡಿ, 1.5 ಮೀಟರ್ ಇದ್ದು, ಒಂದು ಜಾಗದಲ್ಲಿ ಎಣಿಸಿದರೆ 147 ಸುತ್ತು ಇದ್ದರೆ ಸುಮಾರು 220 ಮೀಟರ್. ಡಿ.ಕೆ. (ಡಬಲ್ ನಿಟಿಂಗ್) ಎಂಬ ಮಧ್ಯಮ ದಪ್ಪದ 100 ಗ್ರಾಂ ನೂಲಿಗೆ ಇಷ್ಟು ಉದ್ದ ಸಹಜ. ಮಧ್ಯಮ ಅಳತೆಯ ಹೆಂಗಸರ ಸ್ವೆಟರ್‌ಗೆ 1,100ರಿಂದ 1,300 ಮೀಟರ್ ಬೇಕು. ಕ್ರೋಶಾದಲ್ಲಾದರೆ ಮೂರನೇ ಒಂದು ಪಾಲು ಹೆಚ್ಚು. ಮೇಲಿನ ಆರು ಲಡಿಯಲ್ಲಿ ಕಡಿಮೆಯಾದ 78 ಗ್ರಾಂ ಎಂದರೆ 170 ಮೀಟರ್, ಹೆಚ್ಚುಕಡಿಮೆ ಒಂದು ತೋಳೇ ಇಲ್ಲ.

ಡೈ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಇಲ್ಲದ ಬಿಡಿ ಲಡಿಗಳನ್ನು ಅಂಗಡಿಯ ಹಳದಿ ದೀಪದಡಿ ಹೊಂದಿಸಬೇಡಿ, ಬಾಗಿಲಾಚೆ ತಂದು ನೋಡಿ. ಈಗಾಗಲೇ ಛಾಯೆ ಬೇರೆಯಿರುವುದನ್ನು ತಂದಿದ್ದರೆ ಎರಡು ಉಂಡೆಗಳನ್ನು ಇಟ್ಟುಕೊಂಡು ಎರಡೆರಡು ಸಾಲಿಗೆ ಬದಲಿಸುತ್ತ ಹೆಣೆಯಿರಿ, ಗೆರೆ ಕಾಣುವುದಿಲ್ಲ. ಒದ್ದೆ ಬಿಳಿ ಕರ್ಚೀಫಿನಿಂದ ತಿಕ್ಕಿದಾಗ ಬಣ್ಣ ಹತ್ತಿದರೆ ಆ ಲಡಿ ಬೇಡವೇ ಬೇಡ. ಎಳೆ ಅಲ್ಲಲ್ಲಿ ತುಂಡಾಗಿದ್ದರೆ ಹುಳು ತಿಂದಿರಬಹುದು. ಉಣ್ಣೆ ಏನೇ ತಂದರೂ ಜಿಪ್ ಚೀಲದಲ್ಲಿ ಮುಚ್ಚಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ಟು, ಚೀಲ ತೆರೆಯದೆ ಕೋಣೆಯ ಬಿಸಿಗೆ ಬಂದ ಮೇಲಷ್ಟೇ ಮನೆಯ ಬೇರೆ ನೂಲಿನ ಜೊತೆ ಸೇರಿಸಿ.

ಪ್ರವಾಸದಲ್ಲಿ ಹಳೆ ಪುಸ್ತಕದಂಗಡಿಯಿಂದ ಮಾದರಿ ಪುಸ್ತಕ ತರುವವರಿಗೂ ಒಂದು ಮಾತು. ನಮ್ಮ ಅಂಗಡಿಗಳ ಕಡ್ಡಿಗೆ ಹಳೆಯ ಬ್ರಿಟಿಷ್ ನಂಬರ್: 10 ಎಂದರೆ 3.25 ಮಿ.ಮೀ. ಅಮೆರಿಕದ 10 ಎಂದರೆ 6 ಮಿ.ಮೀ. ಇದನ್ನು ಗಮನಿಸದೆ ನೂಲು ಕೊಂಡರೆ ಸ್ವೆಟರ್ ಹಲಗೆಯಂತಾಗುತ್ತದೆ. ಪುಸ್ತಕದಲ್ಲಿ ‘ಸಿಂಗಲ್ ಕ್ರೋಶೆ’ ಎಂಬ ಪದವಿದ್ದರೆ ಅದು ಅಮೆರಿಕದ್ದು. ಅದನ್ನೇ ಬ್ರಿಟಿಷರು ‘ಡಬಲ್’ ಅನ್ನುತ್ತಾರೆ, ಅಮೆರಿಕದ ‘ಡಬಲ್’ ಅವರಿಗೆ ‘ಟ್ರೆಬಲ್’.

ಇಷ್ಟರ ಮೇಲೂ ಕೊಳ್ಳುವ ಮನಸ್ಸಿದ್ದರೆ ಮೊದಲ ದಿನ ಒಂದೇ ಲಡಿ ಕೊಳ್ಳಿ, ಹೋಟೆಲಿನಲ್ಲಿ ಪರೀಕ್ಷಿಸಿ, ವಾಪಸು ಹೊರಡುವ ದಿನ ಉಳಿದದ್ದು. ಪ್ಯಾಕ್ ಮಾಡಿದ ಉಂಡೆಯ ಮೇಲೆ ನಿವ್ವಳ ತೂಕ, ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಅದನ್ನೇ ಹೇಳುತ್ತದೆ. ಉಣ್ಣೆಯ ಗುಣಮಟ್ಟದ ಗುರುತಾದ ವುಲ್‌ಮಾರ್ಕ್ ಚಿಹ್ನೆಯಿದ್ದರೆ ಪರವಾನಗಿ ನಂಬರ್ ಹುಡುಕಿ. ಬಿಡಿ ಲಡಿಯಾದರೆ ನಾರಿನ ಹೆಸರು, ಶೇಕಡಾವಾರು, ತೂಕ ಮೂರನ್ನೂ ಬಿಲ್ಲಿನಲ್ಲಿ ಬರೆಸಿ. ಬರೆಯಲು ಒಪ್ಪದಿದ್ದರೆ ಹೊರಟುಬಿಡಿ. ಬರೆದದ್ದು ಸುಳ್ಳಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರನ್ನು ನೀವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ಕುಲ್ಲುವಿಗೆ ಓಡಾಡಬೇಕಿಲ್ಲ. ‘ವುಲನ್ ಐಟಂ’ ಎಂಬ ಬಿಲ್ಲು ಹಿಡಿದು ಹೋದರೆ ಅಲ್ಲಿ ಹೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.