ನೋಡಿ ಕಟ್ಟಿದ ಮನೆ

ಮನೆ ಕಟ್ಟಿ ನೋಡು ಎನ್ನುತ್ತಾರೆ. ನಾನು ಆ ಕ್ರಮವನ್ನೇ ತಿರುವುಮುರುವು ಮಾಡಿದೆ: ಮೊದಲು ನೋಡಿದೆ, ಆಮೇಲೆ ಕಟ್ಟಿದೆ. ನೋಡಿದ್ದು ಟಿವಿಯಲ್ಲಿ. ಕಾಡಂಚಿನ ಮರದ ಮನೆ, ಮಾಡಿನ ಮೇಲೆ ಸೌರಫಲಕ, ವಿದ್ಯುತ್ ತಂತಿಯ ಹಂಗಿಲ್ಲದ ಬದುಕು. ಗಂಡಹೆಂಡತಿ ಇಬ್ಬರೇ ಸೇರಿ ನಲವತ್ತು ನಿಮಿಷದಲ್ಲಿ ಎಲ್ಲವನ್ನೂ ಮುಗಿಸಿ ಹೊಸ ಒಲೆಯ ಮುಂದೆ ಕುಳಿತು ನಗುತ್ತಾರೆ. ಎರಡು ವರ್ಷ ಇಂಥವನ್ನೇ ನೋಡಿ, ನಾಚಿಕೆಯಿಲ್ಲದೆ ಟಿಪ್ಪಣಿಯನ್ನೂ ಬರೆದುಕೊಂಡು, ಒಂದು ತುಂಡು ಜಾಗ ಕೊಂಡೆ. ಅದೇ ಹಾದಿಯಲ್ಲಿ ಹೊರಟವರು ಕೈ ಸುಟ್ಟುಕೊಳ್ಳುವ ಮೊದಲು ಇದನ್ನು ಓದಲಿ.

ಮೊದಲ ಪೆಟ್ಟು ಅಡಿಪಾಯದಲ್ಲೇ ಬಿತ್ತು. ಕಾರ್ಯಕ್ರಮದಲ್ಲಿ ಸಂಜೆ ಗುಂಡಿಗೆ ಕಾಂಕ್ರೀಟ್ ಸುರಿಯುತ್ತಾರೆ, ಜಾಹೀರಾತು ಮುಗಿಯುವಷ್ಟರಲ್ಲಿ ಅದರ ಮೇಲೆ ತೊಲೆ ಕುಳಿತಿರುತ್ತದೆ. ನಡುವೆ ಎಷ್ಟು ದಿನ ಕಳೆಯಿತೆಂದು ಯಾರೂ ಹೇಳುವುದಿಲ್ಲ. ಕಾಂಕ್ರೀಟಿನ ಬಲವನ್ನು ಅಳೆಯುವುದೇ 28ನೆಯ ದಿನಕ್ಕೆ. ಕನಿಷ್ಠ ಒಂದು ವಾರ ಅದನ್ನು ಒದ್ದೆಯಾಗಿ ಇಡಬೇಕು. ನಾನು ಮೂರನೆಯ ದಿನವೇ ತೊಲೆ ಏರಿಸಿ ಬೋಲ್ಟ್ ಬಿಗಿದೆ. ಒಂದು ಕಂಬದ ಅಂಚು ಒಣಮಣ್ಣಿನ ಹೆಂಟೆಯಂತೆ ಉದುರಿತು. ಇನ್ನೊಂದು ಕಂಬ ಬಿರುಕು ಬಿಟ್ಟದ್ದು ನೆಲಹಾಸು ಹಾಕಿದ ಮೇಲೆ ತಿಳಿಯಿತು. ಇವತ್ತಿಗೂ ಆ ಕೋಣೆಯಲ್ಲಿ ಪೆನ್ಸಿಲ್ ಇಟ್ಟರೆ ತಾನಾಗಿ ಬಾಗಿಲ ಕಡೆಗೆ ಹೊರಡುತ್ತದೆ.

ವಿದ್ಯುತ್ತಿನ ತಪ್ಪು ಇನ್ನೂ ದುಬಾರಿಯಾಯಿತು. ತೆರೆಯ ಮೇಲೆ ಫಲಕ ಜೋಡಿಸಿದರು, ಸ್ವಿಚ್ ಒತ್ತಿದರು, ದೀಪ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಕಂತು ಮುಗಿಯಿತು. ಮೋಡ ಕವಿದ ಐದನೆಯ ದಿನವೂ ಆ ದೀಪ ಉರಿಯಿತೇ ಎಂದು ನಾನು ಕೇಳಿಕೊಳ್ಳಲಿಲ್ಲ. 800 ವ್ಯಾಟ್ ಫಲಕಗಳನ್ನೂ 12 ವೋಲ್ಟ್, 100 ಆಂಪಿಯರ್-ಅವರ್‌ನ ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳನ್ನೂ ಹಾಕಿಸಿದೆ. ಕಾಗದದ ಮೇಲೆ 4,800 ವ್ಯಾಟ್-ಅವರ್, ಅಂದರೆ ನೂರು ವ್ಯಾಟಿನ ದೀಪ 48 ಗಂಟೆ ಉರಿಯುವಷ್ಟು. ಆದರೆ ಈ ಜಾತಿಯ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಆಯುಷ್ಯ ಕುಗ್ಗುತ್ತದೆ. ಧೈರ್ಯವಾಗಿ ಬಳಸಬಹುದಾದದ್ದು 2,400 ಮಾತ್ರ. ಕಳ್ಳ ಮಾತ್ರ ಮನೆಯೊಳಗೇ ಇದ್ದ. ಯಾವ ಉಪಕರಣವೂ ಓಡದಿದ್ದಾಗಲೂ ನನ್ನ ಇನ್ವರ್ಟರ್ 25 ವ್ಯಾಟ್ ನುಂಗುತ್ತಿತ್ತು, ಅಂದರೆ ದಿನಕ್ಕೆ 600 ವ್ಯಾಟ್-ಅವರ್. ದಟ್ಟ ಮೋಡದ ದಿನ ಫಲಕಗಳಿಂದ ಬರುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಸೂರ್ಯ ದುಡಿದದ್ದೆಲ್ಲ ಇನ್ವರ್ಟರಿನ ಹೊಟ್ಟೆಗೆ ಹೋಗಿ, ಫ್ರಿಜ್, ಪಂಪು, ದೀಪಗಳು ಬ್ಯಾಟರಿಯ ಗಂಟನ್ನು ಕರಗಿಸುತ್ತಿದ್ದವು.

ಒಂಬತ್ತು ದಿನ ಮಳೆ ಹಿಡಿಯಿತು. ಮೂರನೆಯ ರಾತ್ರಿ ಇನ್ವರ್ಟರ್ ಕಿರುಚಿ ಆರಿತು. ಬೆಳಗ್ಗೆ ಮತ್ತೆ ಹಚ್ಚಿದೆ, ಮತ್ತೆ ಆರಿತು, ಮತ್ತೆ ಹಚ್ಚಿದೆ. ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ ಎಂಬುದನ್ನು ಆಮೇಲೆ ಕಲಿತೆ. ಅಂಥ ಮೋಡದ ಸರದಿ ಇನ್ನೂ ಎರಡು ಬಾರಿ ಬಂದು ಹೋಗುವಷ್ಟರಲ್ಲಿ ನಾಲ್ಕರಲ್ಲಿ ಮೂರು ಬ್ಯಾಟರಿಗಳು ಬರೀ ಭಾರದ ಪೆಟ್ಟಿಗೆಗಳಾಗಿದ್ದವು.

ಟಿವಿಯವರು ಸುಳ್ಳು ಹೇಳುತ್ತಾರೆ ಎಂದು ಬೈಯುವುದು ಸುಲಭ. 2014ರಲ್ಲಿ ಆರಂಭವಾದ ‘ಅಲಾಸ್ಕನ್ ಬುಷ್ ಪೀಪಲ್’ ಎಂಬ ಕಾಡುಜೀವನದ ಕಾರ್ಯಕ್ರಮದ ಕುಟುಂಬದಲ್ಲಿ ಇಬ್ಬರಿಗೆ 2016ರಲ್ಲಿ ಶಿಕ್ಷೆಯೇ ಆಯಿತು. ಅಲಾಸ್ಕಾದ ನಿವಾಸಿಗಳಿಗೆ ಸಿಗುವ ವಾರ್ಷಿಕ ಲಾಭಾಂಶಕ್ಕಾಗಿ ಅವರು ತಮ್ಮ ವಾಸದ ಬಗ್ಗೆ ಸುಳ್ಳು ಹೇಳಿದ್ದರು. ಆದರೆ ನನ್ನನ್ನು ಕೆಡವಿದ್ದು ಅಂಥ ಸುಳ್ಳಲ್ಲ, ಎರಡು ದೃಶ್ಯಗಳ ನಡುವೆ ಕತ್ತರಿಸಿ ಎಸೆದ ದಿನಗಳು. 1999ರಿಂದ ಬ್ರಿಟನ್ನಿನಲ್ಲಿ ಬರುತ್ತಿರುವ ‘ಗ್ರ್ಯಾಂಡ್ ಡಿಸೈನ್ಸ್’ ಎಂಬ ಮನೆ ಕಟ್ಟುವವರ ಕಾರ್ಯಕ್ರಮ ಆ ದಿನಗಳನ್ನು ಸಾಕಷ್ಟು ತೋರಿಸುತ್ತದೆ: ಹಣ ಮುಗಿದವರು, ವರ್ಷಗಟ್ಟಲೆ ಅರ್ಧ ಗೋಡೆಯ ನಡುವೆ ಬದುಕಿದವರು ಎಲ್ಲ ಅದರಲ್ಲಿದ್ದಾರೆ. ಬೇಸರವೆಂದು ಅದು ಬಂದಾಗಲೇ ನಾನು ಚಾನೆಲ್ ಬದಲಾಯಿಸುತ್ತಿದ್ದೆ.

ಹೊರಡಲೇಬೇಕೆಂದಿದ್ದರೆ ವರ್ಷದ ಅತಿ ಕೆಟ್ಟ ತಿಂಗಳಿಗೆ ಲೆಕ್ಕ ಹಾಕಿ, ಒಳ್ಳೆಯ ದಿನಕ್ಕಲ್ಲ. ಇನ್ವರ್ಟರ್ ಕೊಳ್ಳುವಾಗ ಅದು ಸುಮ್ಮನಿದ್ದಾಗ ಎಷ್ಟು ತಿನ್ನುತ್ತದೆ ಎಂದು ಕೇಳಿ. ಪರವಾನಗಿ, ಶೌಚದ ಗುಂಡಿಗೆ ಮಣ್ಣಿನ ಪರೀಕ್ಷೆ ಇವೆಲ್ಲ ಜಾಗ ಕೊಳ್ಳುವ ಮೊದಲೇ ಮುಗಿಯಲಿ.

ಕೊನೆಗೆ ನಾನೂ ಒಂದು ಜನರೇಟರ್ ತಂದೆ. ಮನೆಯ ಬಲಕ್ಕೆ, ತಗಡಿನ ಮರೆಯಲ್ಲಿದೆ. ಫೋಟೊ ತೆಗೆಯುವಾಗ ಅದು ಚೌಕಟ್ಟಿನೊಳಗೆ ಬರದಂತೆ ಕ್ಯಾಮೆರಾವನ್ನು ತುಸು ಎಡಕ್ಕೆ ತಿರುಗಿಸುತ್ತೇನೆ.