ಕೆಟ್ಟಾಗ ಬಾಯಿ ಬಿಡುವುದು ಯಾವುದು? ಒಂದೇ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ

ನನ್ನ ಲ್ಯಾಪ್‌ಟಾಪ್ ಪ್ರತಿ ರಾತ್ರಿ ತನ್ನ ಫೈಲ್‌ಗಳ ಬ್ಯಾಕಪ್ ತೆಗೆದು ಇನ್ನೊಂದು ಯಂತ್ರಕ್ಕೆ ಕಳುಹಿಸುತ್ತದೆ. ಏನಾದರೂ ಎಡವಟ್ಟಾದರೆ ಮಾತ್ರ ನನಗೆ ಮೇಲ್ ಬರಬೇಕು ಎಂಬುದು ನಾನು ಮಾಡಿಕೊಂಡಿದ್ದ ಏರ್ಪಾಡು. ಮೇಲ್ ಬರಲಿಲ್ಲ, ಹಾಗಾಗಿ ಎಲ್ಲವೂ ಸುಸೂತ್ರ ಎಂದು ನಂಬಿದ್ದೆ. ಒಂದು ದಿನ, ಅಳಿಸಿಹೋದ ಫೈಲೊಂದನ್ನು ಹುಡುಕಲು ಹೋದಾಗ ಗೊತ್ತಾಯಿತು: ಹನ್ನೊಂದು ದಿನಗಳಿಂದ ಬ್ಯಾಕಪ್ಪೇ ಆಗಿರಲಿಲ್ಲ. ಲಾಗ್ ತೆರೆದರೆ ಹನ್ನೊಂದು ಬಾರಿಯೂ ಒಂದೇ ಸಾಲು, ‘ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್’. ಮೇಲ್ ಸಾಗಿಸುವ ತಂತ್ರಾಂಶವೇ ಈ ಯಂತ್ರದಲ್ಲಿಲ್ಲ, ಆದ್ದರಿಂದ ಹೇಳಬೇಕಾದ್ದನ್ನು ಎಸೆಯುತ್ತಿದ್ದೇನೆ ಎಂದು, ನಿಗದಿತ ಹೊತ್ತಿಗೆ ಕೆಲಸಗಳನ್ನು ನಡೆಸುವ ಕ್ರಾನ್ ಪ್ರತಿ ರಾತ್ರಿಯೂ ಬರೆದಿಟ್ಟಿತ್ತು, ನಾನು ಎಂದೂ ಇಣುಕದ ಮೂಲೆಯಲ್ಲಿ.

ಅದು ಡೆಬಿಯನ್ 12, ಲಿನಕ್ಸ್ ಆಧರಿಸಿದ ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಆ ಸಾಲು ನನ್ನನ್ನು ಬಹಳ ಕಾಡಿತು. ಬೇರೆ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗಳು ಇಂಥ ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಲೇಬೇಕು ಅನ್ನಿಸಿತು. ಮೂರು ಎಸ್‌ಎಸ್‌ಡಿ ಡಿಸ್ಕ್‌ಗಳನ್ನು ತೆಗೆದುಕೊಂಡು, ಒಂದಕ್ಕೆ ಡೆಬಿಯನ್ 12, ಇನ್ನೊಂದಕ್ಕೆ ಫ್ರೀಬಿಎಸ್‌ಡಿ 14.0, ಮತ್ತೊಂದಕ್ಕೆ ಓಪನ್‌ಬಿಎಸ್‌ಡಿ 7.4 ಹಾಕಿದೆ. ಮೂರೂ 2023ರಲ್ಲಿ ಬಿಡುಗಡೆಯಾದವು. ಲ್ಯಾಪ್‌ಟಾಪ್ ಅದೇ, ಕೆಲಸವೂ ಅದೇ. ಒಂದೊಂದನ್ನೂ ಮೂರು ವಾರ ದಿನನಿತ್ಯದ ಬಳಕೆಗೆ ಒಡ್ಡಿದೆ. ಲ್ಯಾಪ್‌ಟಾಪ್ ಹತ್ತು ವರ್ಷ ದಾಟಿದ್ದು. ವೈಫೈ ಕಾರ್ಡ್ ಇಂಟೆಲ್‌ನದು, ನೆಟ್‌ವರ್ಕ್ ಕೇಬಲ್‌ನ ಪೋರ್ಟ್ ಮುರಿದಿದೆ, ಬ್ಯಾಟರಿ ಸುಮಾರು. ಇಂಥ ಹಳೆಯ ಯಂತ್ರದಲ್ಲೇ ವ್ಯವಸ್ಥೆಯೊಂದರ ನಿಜವಾದ ಗುಣ ಹೊರಬೀಳುವುದು.

ಮೊದಲು ವೈಫೈ. ಡೆಬಿಯನ್‌ನಲ್ಲಿ ಇದೊಂದು ಕಾಲಕ್ಕೆ ದೊಡ್ಡ ತಲೆನೋವಾಗಿತ್ತು. ಕಾರ್ಡ್‌ಗೆ ಬೇಕಾದ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ) ಮುಕ್ತ ಪರವಾನಗಿಯದ್ದಲ್ಲ ಎಂಬ ಕಾರಣಕ್ಕೆ ಅದು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇರುತ್ತಿರಲಿಲ್ಲ. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಈ ನಿಯಮವನ್ನು ಬದಲಿಸಿದರು. 12ನೇ ಆವೃತ್ತಿಯಿಂದ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ನನ್ನ ಕಾರ್ಡ್ ಮೊದಲ ಪರದೆಯಲ್ಲೇ ಎದ್ದು ಕುಳಿತಿತು. ಇದರ ಬಗ್ಗೆ ಹೇಳಲು ಇನ್ನೇನೂ ಇಲ್ಲ.

ಫ್ರೀಬಿಎಸ್‌ಡಿಯಲ್ಲೂ ಕಾರ್ಡ್ ತಕ್ಷಣ ಸಿಕ್ಕಿತು. ಆದರೆ ವೇಗ ಮಾತ್ರ ಹಳೆಯ ಕಾಲದ್ದು. 14.0ರ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಈ ಕಾರ್ಡನ್ನು 802.11ಜಿ ಎಂಬ ಹಳೆಯ ವೈಫೈ ಮಟ್ಟದಲ್ಲೇ ಓಡಿಸುತ್ತದೆ, ಅಂದರೆ ಕಾಗದದ ಮೇಲೆ 54 ಮೆಗಾಬಿಟ್, ನನ್ನ ಮೇಜಿನ ಮೇಲೆ ಇಪ್ಪತ್ತರ ಆಸುಪಾಸು. ಇಂಟೆಲ್‌ನ ಹಲವು ಹೊಸ ಕಾರ್ಡ್‌ಗಳಿಗೆ 802.11ಎನ್ ಮತ್ತು ಎಸಿ ವೇಗ ಬಂದದ್ದು 2025ರ 14.3ರಲ್ಲಿ. ಇಷ್ಟು ಕಡಿಮೆ ವೇಗದಲ್ಲಿ ರಾತ್ರಿಯ ಬ್ಯಾಕಪ್ ಬೆಳಗಿನವರೆಗೂ ತೆವಳುತ್ತಿತ್ತು.

ಓಪನ್‌ಬಿಎಸ್‌ಡಿಯದು ಬೇರೆಯೇ ದಾರಿ. ಮುಕ್ತವಾಗಿ ಹಂಚಲು ಪರವಾನಗಿ ಬಿಡದ ಫರ್ಮ್‌ವೇರನ್ನು ಅವರು ಇನ್‌ಸ್ಟಾಲರ್‌ಗೆ ಸೇರಿಸುವುದಿಲ್ಲ. ಮೊದಲ ಬಾರಿ ಬೂಟ್ ಆದಾಗ ಅಂತರ್ಜಾಲದಿಂದ ತಾನಾಗಿ ಇಳಿಸಿಕೊಳ್ಳುತ್ತದೆ. ಆದರೆ ಅಂತರ್ಜಾಲಕ್ಕೆ ಹೋಗಲು ವೈಫೈ ಬೇಕು, ವೈಫೈಗೆ ಫರ್ಮ್‌ವೇರ್ ಬೇಕು. ಕೇಬಲ್ ಪೋರ್ಟ್ ಮುರಿದಿದ್ದರಿಂದ ನಾನು ಮೊಬೈಲನ್ನು ಯುಎಸ್‌ಬಿ ಮೂಲಕ ಜೋಡಿಸಿ ಅದರ ಸಂಪರ್ಕ ಹಂಚಿಕೊಂಡೆ. ಆಂಡ್ರಾಯ್ಡ್ ಮೊಬೈಲನ್ನು ಅದು ಕೂಡಲೇ ನೆಟ್‌ವರ್ಕ್ ಸಾಧನವೆಂದು ಗುರುತಿಸಿತು. ಫರ್ಮ್‌ವೇರ್ ಇಳಿಸುವ ಒಂದು ಆಜ್ಞೆ, ವೈಫೈ ಹೆಸರು ಮತ್ತು ಪಾಸ್‌ವರ್ಡ್ ಇರುವ ಎರಡು ಸಾಲಿನ ಫೈಲ್, ಅಲ್ಲಿಗೆ ಕೆಲಸ ಮುಗಿಯಿತು. ಆ ಎರಡು ಸಾಲುಗಳಿಗೆ ಮೂರು ವಾರದಲ್ಲಿ ಮತ್ತೆ ಕೈ ಹಚ್ಚಲಿಲ್ಲ.

ಯಾವ ಡ್ರೈವರ್ ಕೂಡ ಕೈಗೆತ್ತಿಕೊಳ್ಳದ ಸಾಧನವನ್ನು ಈ ಮೂರೂ ತೋರಿಸುವ ಬಗೆ ನನಗೆ ಬಹಳ ಹಿಡಿಸಿದ ವಿಷಯ. ಲಿನಕ್ಸ್‌ನಲ್ಲಿ ಪಿಸಿಐ ಸಾಧನಗಳ (ಮದರ್‌ಬೋರ್ಡ್‌ಗೆ ಜೋಡಿಸಿರುವ ಕಾರ್ಡ್, ಚಿಪ್‌ಗಳ) ಪಟ್ಟಿ ತೆಗೆದರೆ ಪ್ರತಿಯೊಂದರ ಕೆಳಗೂ ‘ಬಳಕೆಯಲ್ಲಿರುವ ಡ್ರೈವರ್’ ಎಂಬ ಸಾಲು ಇರುತ್ತದೆ. ಅನಾಥ ಸಾಧನದ ಕೆಳಗೆ ಆ ಸಾಲು ಇರುವುದಿಲ್ಲ, ಅಷ್ಟೇ. ಇಲ್ಲದ್ದನ್ನು ಗಮನಿಸುವ ಕಣ್ಣು ನಮಗಿರಬೇಕು. ಫ್ರೀಬಿಎಸ್‌ಡಿ ಅಂಥ ಸಾಧನಕ್ಕೆ ‘ನನ್ 0’, ‘ನನ್ 1’ (ಇಂಗ್ಲಿಷ್‌ನ none, ಯಾವುದೂ ಇಲ್ಲ) ಎಂದು ಹೆಸರನ್ನೇ ಇಡುತ್ತದೆ. ಓಪನ್‌ಬಿಎಸ್‌ಡಿಯ ಬೂಟ್ ಸಂದೇಶಗಳಲ್ಲಿ ಸಾಧನದ ಪೂರ್ತಿ ಹೆಸರು, ಅದು ಕುಳಿತಿರುವ ಜಾಗ, ಕೊನೆಯಲ್ಲಿ ‘ನಾಟ್ ಕಾನ್ಫಿಗರ್ಡ್’ ಎಂಬ ಎರಡು ಪದ. ಆ ಎರಡು ಪದಗಳನ್ನು ಹುಡುಕಿದರೆ ಈ ಯಂತ್ರದಲ್ಲಿ ಏನೇನು ಕೆಲಸ ಮಾಡುವುದಿಲ್ಲ ಎಂಬುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಬ್ಲೂಟೂತ್ ವಿಷಯದಲ್ಲಿ ಹುಡುಕುವ ಅಗತ್ಯವೂ ಇಲ್ಲ. ಓಪನ್‌ಬಿಎಸ್‌ಡಿ ತನ್ನ ಬ್ಲೂಟೂತ್ ಭಾಗವನ್ನು 2014ರಲ್ಲಿ ತೆಗೆದುಹಾಕಿತು, ಮತ್ತೆ ಸೇರಿಸಿಲ್ಲ. ಆ ಮೂರು ವಾರ ನನ್ನ ಹೆಡ್‌ಫೋನ್ ಪೆಟ್ಟಿಗೆಯಲ್ಲೇ ಇತ್ತು.

ಮುಚ್ಚಳ ಮುಚ್ಚಿದಾಗ ನಿದ್ರಿಸಿ, ತೆರೆದಾಗ ಏಳುವ ವಿಷಯದಲ್ಲಿ ಡೆಬಿಯನ್, ಓಪನ್‌ಬಿಎಸ್‌ಡಿ ಎರಡೂ ತಕರಾರಿಲ್ಲದೆ ನಡೆದವು. ಫ್ರೀಬಿಎಸ್‌ಡಿ ನಿದ್ರೆ ಹೋಗುತ್ತಿತ್ತು, ಎದ್ದಾಗ ಪರದೆ ಕಪ್ಪಗೇ ಉಳಿಯುತ್ತಿತ್ತು. ಇಂಟೆಲ್ ಗ್ರಾಫಿಕ್ಸ್‌ನ ಡ್ರೈವರನ್ನು ಪ್ರತ್ಯೇಕ ಪ್ಯಾಕೇಜಾಗಿ ಹಾಕಿ, ಬೂಟ್ ಆಗುವಾಗ ಲೋಡ್ ಆಗುವಂತೆ ಒಂದು ಸಾಲು ಬರೆದ ಮೇಲೆ ಸರಿಯಾಯಿತು.

ಇನ್ನು ಮೇಲ್. ಮೂರಕ್ಕೂ ಸಮಾನವಾದ ಎರಡು ಅಡಚಣೆಗಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು, ಮನೆಯ ಸಂಪರ್ಕದಿಂದ 25ನೇ ಪೋರ್ಟ್ (ಕೇಬಲ್‌ನದಲ್ಲ, ಸಂಪರ್ಕದ ಸಂಖ್ಯೆಯುಳ್ಳ ಬಾಗಿಲು) ಮೂಲಕ ನೇರವಾಗಿ ಮೇಲ್ ಕಳುಹಿಸುವ ಆಸೆ ಬಿಡಬೇಕು. ಸಾಮಾನ್ಯವಾಗಿ ಅದು ಮುಚ್ಚಿರುತ್ತದೆ, ತೆರೆದಿದ್ದರೂ ಮನೆಯ ವಿಳಾಸದಿಂದ ಬಂದ ಮೇಲನ್ನು ಸರ್ವರ್‌ಗಳು ನಂಬುವುದಿಲ್ಲ. ನಿಮ್ಮ ಮೇಲ್ ಸೇವೆಯ ಸರ್ವರ್‌ಗೆ 587 ಅಥವಾ 465ನೇ ಪೋರ್ಟ್‌ನಲ್ಲಿ ಲಾಗಿನ್ ಆಗಿ ಕಳುಹಿಸಬೇಕು. ಎರಡು, ನನ್ನ ಸೇವೆ ಎಂದಿನ ಪಾಸ್‌ವರ್ಡನ್ನು ಒಪ್ಪಲಿಲ್ಲ, ಇಂಥ ತಂತ್ರಾಂಶಗಳಿಗೆಂದೇ ಬೇರೆ ಆ್ಯಪ್ ಪಾಸ್‌ವರ್ಡ್ ಮಾಡಿಸಿಕೊಳ್ಳಬೇಕಾಯಿತು. ಪಾಸ್‌ವರ್ಡ್ ಸರಿಯಾಗಿಯೇ ಇದ್ದರೂ ‘535’ ಎಂಬ ಸಂಖ್ಯೆಯೊಂದಿಗೆ ನಿರಾಕರಣೆ ಬಂದರೆ ಮೊದಲು ಇದನ್ನು ನೋಡಿ.

ಡೆಬಿಯನ್‌ನಲ್ಲಿ ಮೊದಲು ಹಾಕಿದ್ದು ಎಂಎಸ್‌ಎಂಟಿಪಿ. ಹಗುರವಾದ ತಂತ್ರಾಂಶ, ಹತ್ತು ಸಾಲಿನ ಫೈಲ್ ಸಾಕು. ಪಾಸ್‌ವರ್ಡ್ ಇರುವ ಫೈಲನ್ನು ಇತರರು ಓದುವಂತಿದ್ದರೆ ಕೆಲಸ ಮಾಡಲು ಒಪ್ಪುವುದೇ ಇಲ್ಲ. ಈ ಶಿಸ್ತು ನನಗೆ ಇಷ್ಟವಾಯಿತು. ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೆಯ ರಾತ್ರಿ ವೈಫೈ ಕೈಕೊಟ್ಟಿತು. ಬ್ಯಾಕಪ್ ಆಗಲಿಲ್ಲ, ಅದನ್ನು ತಿಳಿಸುವ ಮೇಲ್ ಕೂಡ ಹೋಗಲಿಲ್ಲ. ಎಂಎಸ್‌ಎಂಟಿಪಿ ಮೇಲನ್ನು ಕೂಡಲೇ ದಾಟಿಸಲು ನೋಡುತ್ತದೆ. ಆಗದಿದ್ದರೆ ಅದನ್ನು ಇಟ್ಟುಕೊಂಡು ಮತ್ತೆ ಯತ್ನಿಸುವ ಸರದಿ ಅದಕ್ಕಿಲ್ಲ. ನನಗೆ ಯಾವ ರಾತ್ರಿಯ ಸುದ್ದಿ ಬೇಕಾಗಿತ್ತೋ ಅದೇ ರಾತ್ರಿಯ ಸುದ್ದಿ ಕಳೆದುಹೋಯಿತು. ಇಂಥ ಕೆಲಸಕ್ಕೆ ಅದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಹಾಗಾಗಿ ಪೋಸ್ಟ್‌ಫಿಕ್ಸ್‌ಗೆ ಬಂದೆ. 1998ರಿಂದ ಇರುವ, ವೀಟ್ಸೆ ವೆನೆಮಾ ಬರೆದ ಈ ತಂತ್ರಾಂಶ ಹೋಗದ ಮೇಲನ್ನು ಸರದಿಯಲ್ಲಿಟ್ಟು ಮತ್ತೆ ಮತ್ತೆ ಯತ್ನಿಸುತ್ತದೆ. ಆದರೆ ನನ್ನ ಮೊದಲ ಮೇಲ್ ಸರದಿಯಲ್ಲೇ ಸಿಕ್ಕಿಕೊಂಡಿತು. ಕಾರಣ ನೋಡಲು ಹೋದರೆ, ನನಗೆ ಅಭ್ಯಾಸವಿದ್ದ ಮೇಲ್ ಲಾಗ್ ಫೈಲೇ ಇಲ್ಲ! ಡೆಬಿಯನ್ 12ರಿಂದ ಲಾಗ್ ಫೈಲ್‌ಗಳನ್ನು ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ, ಎಲ್ಲವೂ ಸಿಸ್ಟಂಡಿ ಜರ್ನಲ್ ಎಂಬ ಒಂದೇ ದಾಖಲೆಗೆ ಹೋಗುತ್ತದೆ. ಅಲ್ಲಿ ಸಿಕ್ಕ ಸಂದೇಶ: ‘ನೋ ವರ್ದಿ ಮೆಕ್ಸ್ ಫೌಂಡ್’. ಲಾಗಿನ್ ಆಗಲು ಯೋಗ್ಯವಾದ ವಿಧಾನ ಒಂದೂ ಸಿಗಲಿಲ್ಲ ಎಂದು ಅದರ ಅರ್ಥ. ಓದಿದವರೆಲ್ಲ ಸರ್ವರ್‌ನಲ್ಲೋ ಪಾಸ್‌ವರ್ಡ್‌ನಲ್ಲೋ ತಪ್ಪಿದೆ ಎಂದುಕೊಳ್ಳುತ್ತಾರೆ. ನಾನು ಎರಡು ಗಂಟೆ ಅದೇ ದಾರಿಯಲ್ಲಿ ಅಲೆದೆ. ನಿಜವಾದ ಕಾರಣ, ಲಾಗಿನ್ ವಿಧಾನಗಳನ್ನು ಒದಗಿಸುವ ಸಾಸ್ಲ್ ಮಾಡ್ಯೂಲ್‌ಗಳು ಡೆಬಿಯನ್‌ನಲ್ಲಿ ಬೇರೆ ಪ್ಯಾಕೇಜಿನಲ್ಲಿವೆ, ಅದು ನನ್ನ ಯಂತ್ರದಲ್ಲಿರಲಿಲ್ಲ. ಹಾಕಿದ ಕೂಡಲೇ ಸರದಿಯಲ್ಲಿದ್ದ ಮೇಲ್‌ಗಳೆಲ್ಲ ಹೊರಟವು. ಇನ್ನೊಂದು ಸೂಕ್ಷ್ಮ: ಸರ್ವರ್ ಹೆಸರನ್ನು ಚೌಕ ಆವರಣದೊಳಗೆ ಬರೆಯಬೇಕು. ಇಲ್ಲವಾದರೆ ಪೋಸ್ಟ್‌ಫಿಕ್ಸ್ ಆ ಹೆಸರಿಗೆ ಬರುವ ಮೇಲನ್ನು ಸ್ವೀಕರಿಸುವ ಸರ್ವರ್ ಯಾವುದೆಂದು ಅಂತರ್ಜಾಲದ ಹೆಸರುಗಳ ಕೋಶವಾದ ಡಿಎನ್‌ಎಸ್‌ನಲ್ಲಿ ಹುಡುಕಲು ಹೊರಡುತ್ತದೆ.

ಫ್ರೀಬಿಎಸ್‌ಡಿ 14.0 ದಶಕಗಳ ಸೆಂಡ್‌ಮೇಲ್ ಬಿಟ್ಟು ಡಿಎಂಎ ಎಂಬ ಪುಟ್ಟ ತಂತ್ರಾಂಶವನ್ನು ಮೂಲದಲ್ಲೇ ಕೊಡುತ್ತದೆ. ಹೊರಗಿನಿಂದ ಬರುವ ಮೇಲನ್ನು ಅದು ಸ್ವೀಕರಿಸುವುದೇ ಇಲ್ಲ, ಈ ಯಂತ್ರದ್ದನ್ನು ಹೊರಗೆ ದಾಟಿಸುವುದಷ್ಟೇ ಅದರ ಕೆಲಸ. ಹೋಗದಿದ್ದರೆ ಸರದಿಯಲ್ಲಿ ಇಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪ್‌ಗೆ ಬೇಕಾಗಿದ್ದೂ ಅಷ್ಟೇ. ಎಡವಿದ್ದು ಒಂದೇ ಕಡೆ. ಗೂಢಲಿಪಿಯಲ್ಲಿ ಕಳುಹಿಸು ಎಂಬ ಸೆಟ್ಟಿಂಗನ್ನು ಮಾತ್ರ ಹಾಕಿ ಪೋರ್ಟ್ 587 ಎಂದು ಬರೆದಿದ್ದೆ. 465ಕ್ಕೆ ಅದು ಸರಿ. 587ರಲ್ಲಿ ಮಾತುಕತೆ ಮೊದಲು ತೆರೆದ ರೂಪದಲ್ಲಿ ಶುರುವಾಗಿ ಆಮೇಲೆ ಗೂಢಲಿಪಿಗೆ ತಿರುಗುತ್ತದೆ, ಅದಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಸಾಲನ್ನೂ ತೆರೆಯಬೇಕು. ಸಿಕ್ಕ ದೋಷ ಸಂದೇಶ ‘ರಾಂಗ್ ವರ್ಷನ್ ನಂಬರ್’. ಆವೃತ್ತಿಗೂ ಇದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ.

ಓಪನ್‌ಬಿಎಸ್‌ಡಿಗೆ ಮೊದಲ ಬಾರಿ ಲಾಗಿನ್ ಆದಾಗಲೇ ‘ನಿಮಗೆ ಮೇಲ್ ಇದೆ’ ಎಂಬ ಸಾಲು ಕಾದಿತ್ತು. ಯೋಜನೆಯ ಸ್ಥಾಪಕ ಥಿಯೋ ಡಿ ರಾಟ್ ಹೆಸರಿನ ಸ್ವಾಗತ ಪತ್ರ, ಮುಂದೆ ಏನೇನು ನೋಡಬೇಕು ಎಂಬ ಸೂಚನೆಗಳೊಂದಿಗೆ. ಯಂತ್ರದೊಳಗಿನ ಮೇಲ್ ಅಲ್ಲಿ ಮೊದಲ ಕ್ಷಣದಿಂದಲೇ ಕೆಲಸ ಮಾಡುತ್ತದೆ. ಅಂದರೆ ನಾನು ಏನೂ ಮಾಡದೆ ಬಿಟ್ಟಿದ್ದರೂ ಆ ಹನ್ನೊಂದು ರಾತ್ರಿಗಳ ದೂರು ಅಂಚೆಪೆಟ್ಟಿಗೆಯಲ್ಲಿ ಸಿಗುತ್ತಿತ್ತು. ಹೊರಗೆ ಕಳುಹಿಸಲು ಅದರ ಮೇಲ್ ತಂತ್ರಾಂಶವಾದ ಓಪನ್‌ಎಸ್‌ಎಂಟಿಪಿಡಿಯ ಫೈಲಿನಲ್ಲಿ ಮೂರು ಸಾಲು ಸೇರಿಸಿದೆ. ಚಾಲೂ ಮಾಡುವ ಮೊದಲೇ ಫೈಲನ್ನು ಪರೀಕ್ಷಿಸುವ ಆಯ್ಕೆ ಇದೆ. ನಾನು ಬಿಟ್ಟಿದ್ದ ಉದ್ಧರಣ ಚಿಹ್ನೆಯನ್ನು ಅದು ಸಾಲಿನ ಸಂಖ್ಯೆ ಸಮೇತ ತೋರಿಸಿತು. ಕಾಲು ಗಂಟೆಯಲ್ಲಿ ಮೇಲ್ ತಲುಪಿತು. ಇಷ್ಟು ಓದಲು ಸುಲಭವಾದ ಮೇಲ್ ಸೆಟ್ಟಿಂಗ್ ಫೈಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಂತರ ಬಂದದ್ದು ನಾನು ನಿರೀಕ್ಷಿಸದೇ ಇದ್ದ ಪರೀಕ್ಷೆ. ಫ್ರೀಬಿಎಸ್‌ಡಿಯ ಎರಡನೆಯ ವಾರದಲ್ಲಿ ಅದರ ದೈನಂದಿನ ತಪಾಸಣೆಯ ಮೇಲ್‌ಗಳು ನಿಂತುಹೋದವು. ಸರದಿ ಖಾಲಿ, ಲಾಗ್‌ನಲ್ಲಿ ‘ತಲುಪಿಸಲಾಗಿದೆ’ ಎಂದಿದೆ. ಇನ್‌ಬಾಕ್ಸ್‌ನಲ್ಲಿ ಮಾತ್ರ ಏನೂ ಇಲ್ಲ. ಇಡೀ ಸಂಜೆ ಡಿಎಂಎಯ ಸಾಲುಗಳನ್ನು ತಿರುವಿಹಾಕಿದ ಮೇಲೆ, ಇನ್‌ಬಾಕ್ಸ್‌ನ ತಳದವರೆಗೂ ಹೋಗಿ ನೋಡಿದೆ. ನಾಲ್ಕೂ ಮೇಲ್‌ಗಳು ಅಲ್ಲಿದ್ದವು, 2013ರ ಜನವರಿಯ ದಿನಾಂಕ ಹೊತ್ತು. ಮದರ್‌ಬೋರ್ಡ್‌ನ ಗಡಿಯಾರವನ್ನು ನಡೆಸುವ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತಿತ್ತು. ದೊಡ್ಡ ಬ್ಯಾಟರಿಯೂ ಪೂರ್ತಿ ಇಳಿದ ದಿನ ಗಡಿಯಾರ ಹಿಂದಕ್ಕೆ ಹೋಗಿತ್ತು. ಅಂತರ್ಜಾಲ ನೋಡಿ ಸಮಯ ಹೊಂದಿಸುವ ಫ್ರೀಬಿಎಸ್‌ಡಿಯ ಎನ್‌ಟಿಪಿಡಿ, ಗಡಿಯಾರದ ವ್ಯತ್ಯಾಸ 1000 ಸೆಕೆಂಡ್ ಮೀರಿದರೆ ಸರಿಪಡಿಸಲು ಒಪ್ಪದೆ ನಿಂತುಬಿಡುತ್ತದೆ, ಶುರುವಿನಲ್ಲಿ ಎಷ್ಟೇ ವ್ಯತ್ಯಾಸವಿದ್ದರೂ ಸರಿಪಡಿಸು ಎಂದು ನಾವು ಬರೆದಿಟ್ಟಿರದಿದ್ದರೆ. ನಾನು ಬರೆದಿರಲಿಲ್ಲ.

ಕಾರಣ ಗೊತ್ತಾದ ಮೇಲೆ ಬ್ಯಾಟರಿಯನ್ನು ಬೇಕೆಂದೇ ಬದಲಿಸದೆ ಉಳಿದೆರಡು ಡಿಸ್ಕ್‌ಗಳನ್ನೂ ಹಾಕಿ ನೋಡಿದೆ. ಓಪನ್‌ಬಿಎಸ್‌ಡಿ ಬೂಟ್ ಆಗುವಾಗಲೇ ಗಡಿಯಾರ ಇಷ್ಟು ದಿನ ಹಿಂದೆ ಬಿದ್ದಿದೆ, ದಿನಾಂಕ ಪರೀಕ್ಷಿಸಿ ಸರಿಪಡಿಸಿ ಎಂದು ದೊಡ್ಡಕ್ಷರಗಳಲ್ಲಿ ಎಚ್ಚರಿಸಿತು, ಆಮೇಲೆ ತಾನೇ ಅಂತರ್ಜಾಲದಿಂದ ಸರಿಪಡಿಸಿಕೊಂಡಿತು. ಡೆಬಿಯನ್‌ನಲ್ಲಿ ಏನೂ ಆದಂತೆ ಕಾಣಲಿಲ್ಲ. ಅದರ ಸಮಯ ಸೇವೆ ಕೊನೆಯ ಬಾರಿ ಕಂಡ ಹೊತ್ತನ್ನು ಡಿಸ್ಕ್‌ನಲ್ಲಿ ಗುರುತಿಟ್ಟುಕೊಂಡಿರುತ್ತದೆ, ಬೂಟ್ ಆದಾಗ ಅದಕ್ಕಿಂತ ಹಿಂದೆ ಹೋಗಲು ಬಿಡುವುದಿಲ್ಲ. ಅಂದರೆ ಬ್ಯಾಟರಿ ತಿಂಗಳುಗಳ ಹಿಂದೆಯೇ ಸತ್ತಿದ್ದಿರಬಹುದು, ಡೆಬಿಯನ್ ಅದನ್ನು ಸಂಭಾಳಿಸಿಕೊಂಡು ಬಂದಿತ್ತು, ನನ್ನ ಕಣ್ಣಿಗೆ ಬೀಳುವಂತೆ ಏನನ್ನೂ ಹೇಳದೆ. ಕ್ರಾನ್‌ನಲ್ಲಿ ಕಂಡದ್ದೂ ಇದೇ ಸ್ವಭಾವ. ಡೆಬಿಯನ್ ಬಳಸುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ವಾರಕ್ಕೊಮ್ಮೆ ಜರ್ನಲ್‌ನ ಎಚ್ಚರಿಕೆಗಳನ್ನು ಓದಿ.

ಆದರೂ ಲ್ಯಾಪ್‌ಟಾಪ್‌ನಲ್ಲಿ ನಾನು ಉಳಿಸಿಕೊಂಡದ್ದು ಡೆಬಿಯನ್ನನ್ನೇ, ಪೋಸ್ಟ್‌ಫಿಕ್ಸ್ ಸಮೇತ. ವೈಫೈ ವೇಗ ಮತ್ತು ಬ್ಲೂಟೂತ್ ಒಂದು ಕಾರಣ. ಅದಕ್ಕಿಂತ ದೊಡ್ಡದು ಅನಾಕ್ರಾನ್. ಓಪನ್‌ಬಿಎಸ್‌ಡಿಯ ದೈನಂದಿನ ತಪಾಸಣೆ ರಾತ್ರಿ 1:30ಕ್ಕೆ, ಫ್ರೀಬಿಎಸ್‌ಡಿಯದು 3:01ಕ್ಕೆ. ಆ ಹೊತ್ತಿಗೆ ಮುಚ್ಚಳ ಮುಚ್ಚಿದ್ದರೆ ಆ ದಿನದ್ದು ತಪ್ಪಿತು. ಅನಾಕ್ರಾನ್ ತಪ್ಪಿದ ಕೆಲಸವನ್ನು ಯಂತ್ರ ಎದ್ದ ಮೇಲೆ ಮಾಡಿಸುತ್ತದೆ. ಮುಚ್ಚಿ ತೆರೆಯುವ ಯಂತ್ರಕ್ಕೆ ಇದು ಬೇಕೇ ಬೇಕು. ಓಪನ್‌ಬಿಎಸ್‌ಡಿ ಡಿಸ್ಕ್ ಹಗಲಿರುಳು ಚಾಲೂ ಇರುವ, ಬ್ಯಾಕಪ್ ಸ್ವೀಕರಿಸುವ ಇನ್ನೊಂದು ಯಂತ್ರಕ್ಕೆ ಹೋಯಿತು. ಹಿಂದಿನ ರಾತ್ರಿ ಲ್ಯಾಪ್‌ಟಾಪ್‌ನಿಂದ ಏನೂ ಬರದಿದ್ದರೆ ಈಗ ಅದೂ ನನಗೆ ಬರೆಯುತ್ತದೆ.

ಫ್ರೀಬಿಎಸ್‌ಡಿಯನ್ನು ಬಿಟ್ಟುಕೊಡುವಾಗ ಮನಸ್ಸಿಗೆ ಕಷ್ಟವಾಯಿತು. ಅದರ ಕೈಪಿಡಿಯಷ್ಟು ಒಪ್ಪವಾಗಿ ಮೊದಲಿನಿಂದ ಕೊನೆಯವರೆಗೆ ಕಲಿಸುವ ದಾಖಲೆ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ. ಜೊತೆಗೆ ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಬೂಟ್ ಎನ್ವಿರಾನ್ಮೆಂಟ್: ಏನನ್ನಾದರೂ ಬದಲಿಸುವ ಮೊದಲು ಇಡೀ ವ್ಯವಸ್ಥೆಯ ಸ್ಥಿತಿಯನ್ನು ಒಂದು ಹೆಸರಿನಲ್ಲಿ ಹಿಡಿದಿಡಬಹುದು. ಗ್ರಾಫಿಕ್ಸ್ ಡ್ರೈವರ್ ಹಾಕುವ ಮೊದಲ ಯತ್ನದಲ್ಲಿ ಯಂತ್ರ ಬೂಟ್ ಆಗದೆ ನಿಂತಾಗ, ಬೂಟ್ ಮೆನುವಿನಲ್ಲಿ ಹಿಂದಿನ ಹೆಸರನ್ನು ಆರಿಸಿದೆ. ಒಂದು ನಿಮಿಷದಲ್ಲಿ ಹಳೆಯ ಸ್ಥಿತಿಗೆ ಮರಳಿದ್ದೆ. ವೈಫೈ ಕಾರ್ಡ್ ಬದಲಿಸಿ, 14.3 ಹಾಕಿ ಮತ್ತೊಮ್ಮೆ ನೋಡಬೇಕೆಂದು ಆ ಡಿಸ್ಕನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಗಡಿಯಾರದ ಬ್ಯಾಟರಿಯನ್ನು ಮಾತ್ರ ಬದಲಿಸಿ ಆಯಿತು. ಹಿಂಬದಿಯ ಏಳು ಸ್ಕ್ರೂ, ಇಪ್ಪತ್ತು ನಿಮಿಷದ ಕೆಲಸ.